ಮೂಲ ಚಿತ್ರ ಹಾಕು, ಕಪ್ತಾನ

"ಕಪ್ತಾನ ಇದ್ದಾನಾ ಮನೇಲಿ?"

ಬಾಗಿಲ ಸಂದಿಯಿಂದ ಆ ಮಾತು ಕೇಳಿದ್ದೇ ತಡ, ನುಹಾಳ ಎದೆ ಧಸಕ್ಕೆಂದಿತು.

ಎದುರಿಗೆ ನಿಂತವನನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಎತ್ತರದ ಆಳು. ಮೂರು ಮಹಡಿ ಹತ್ತಿ ಬಂದ ಏದುಸಿರು, ಕ್ಷೌರ ಕಾಣದ ಗಲ್ಲ. ಶರಟಿನ ಜೇಬಿನಿಂದ ಫೋನು ಅರ್ಧ ಹೊರಗೆ ಇಣುಕುತ್ತಿತ್ತು. ಜಗಳಕ್ಕೆಂದೇ ಬಂದಿದ್ದಾನೆ ಎಂಬುದು ಅವನ ಕಣ್ಣು ನೋಡಿದರೆ ಸಾಕು, ತಿಳಿಯುತ್ತಿತ್ತು.

"ಯಾವ... ಯಾವ ಕಪ್ತಾನ?" ಎಂದಳು ಅವಳು.

"ಕಿಡಿ ಫೋರಂನಲ್ಲಿ ಬ್ಯಾಟರಿ ಮಾರೋ ಕಪ್ತಾನ. ನಿಮ್ಮಣ್ಣನೋ, ಗಂಡನೋ, ನನಗೆ ಗೊತ್ತಿಲ್ಲ. ಒಳಗಿದ್ರೆ ಕರೀರಿ. ಬೂದಿ ಬಂದಿದ್ದಾನೆ ಅನ್ನಿ ಸಾಕು, ಅವನಿಗೆ ಅರ್ಥ ಆಗತ್ತೆ."

ಬೂದಿ...

ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟೊಂದು ಅವಳಿಗಿತ್ತು. ಅದು ಈಗ ಹೊಸ್ತಿಲ ಆಚೆ ನಿಂತು, ಒಳಗೆ ಬರಲೇ ಎಂದು ಕೇಳುತ್ತಿತ್ತು.

ಆ ಕಪ್ತಾನ ಬೇರೆ ಯಾರೂ ಅಲ್ಲ. ಅವಳೇ.

ತ್ರಿಪೋಲಿಯ ಮೀನಾ ಬಂದರಿನಲ್ಲಿ ಹುಡುಗಿಯರ ಶಾಲೆಯ ವಿಜ್ಞಾನದ ಟೀಚರ್ ನುಹಾ. ಹಗಲೆಲ್ಲ ಮಕ್ಕಳಿಗೆ ಬೆಳಕು, ಶಾಖ, ವಿದ್ಯುತ್ತು ಎಂದು ಪಾಠ. ಮನೆಗೆ ಬಂದರೆ ಇಂಟರ್ನೆಟ್ಟಿನ ಕಿಡಿ ಫೋರಂನಲ್ಲಿ ಗಂಡಸಿನ ಹೆಸರಿಟ್ಟುಕೊಂಡು ಗಂಡಸರ ಜೊತೆ ಜಗಳ. ಹೊಸ ಫೋನು, ಸೋಲಾರ್ ಹಲಗೆ, ಚಂದ್ರನ ಮೇಲೆ ನೀರು ಸಿಕ್ಕಿತೆಂಬ ಸುದ್ದಿ, ಬೆರಳಿಟ್ಟರೆ ಸಕ್ಕರೆ ಕಾಯಿಲೆ ಹೇಳುವ ಗಡಿಯಾರ... ಅಲ್ಲಿ ಜನ ಜಗಳವಾಡದ ವಿಷಯವೇ ಇರಲಿಲ್ಲ. ಹೆಣ್ಣು ಹೆಸರು ಹಾಕಿದರೆ ಅರ್ಧ ಜನ ಮದುವೆ ಆಗ್ತೀಯಾ ಎನ್ನುತ್ತಾರೆ, ಉಳಿದರ್ಧ ಜನ ಹೋಗಿ ಅಡುಗೆ ಮಾಡು ಎನ್ನುತ್ತಾರೆ. ಅದಕ್ಕೇ ಅವಳು ಕಪ್ತಾನನಾದಳು.

ಅಲ್ಲಿ ಅವಳ ಆಜನ್ಮ ಶತ್ರು, ಬೂದಿ.

ಎರಡು ವರ್ಷ ಅವಳು ಹೌದು ಎಂದದ್ದಕ್ಕೆಲ್ಲ ಅವನು ಅಲ್ಲ ಎಂದಿದ್ದ. ಒಮ್ಮೆ ಮಾತ್ರ, ಯಾರೋ ಒಬ್ಬ ಫೋನನ್ನು ಫ್ರಿಜ್ಜಿನಲ್ಲಿಟ್ಟರೆ ತಾನೇ ಚಾರ್ಜ್ ಆಗುತ್ತದೆ ಎಂದು ವಾದಿಸಿದಾಗ, ಇಬ್ಬರೂ ಸೇರಿ ಅವನನ್ನು ಹಿಂಡಿ ಹಿಪ್ಪೆ ಮಾಡಿದ್ದರು. ಕೊನೆಗೆ ಬೂದಿ, "ಇವತ್ತೊಂದಿನ ನೀನು ಮನುಷ್ಯನ ಹಾಗೆ ಮಾತಾಡಿದೆ ಕಣೋ ಕಪ್ತಾನ," ಎಂದು ಬರೆದಿದ್ದ. ಆ ಸಾಲನ್ನು ನುಹಾ ಎಷ್ಟು ಸಲ ಓದಿ ನಕ್ಕಳೋ!

ಅವನ ಉತ್ತರ ಬರದ ದಿನ ಊಟ ರುಚಿಸುತ್ತಿರಲಿಲ್ಲ. ಅದಕ್ಕೆ ಏನೆಂದು ಹೆಸರಿಡಬೇಕೋ ಅವಳಿಗೆ ತಿಳಿಯದು. ನಮಗೆ ನಿಮಗೆ ತಿಳಿಯುತ್ತದೆ, ಬಿಡಿ.

ಆದರೆ ಈ ಸಲದ ಜಗಳ ನಗುವಂಥದ್ದಾಗಿರಲಿಲ್ಲ.

ಊರಿನಲ್ಲಿ ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಓಣಿಯ ಜನರೇಟರ್‌ನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಮನೆಮನೆಗೂ ಲಿಥಿಯಂ ಬ್ಯಾಟರಿಯ ಡಬ್ಬಗಳು ಬಂದಿದ್ದವು. ನುಹಾಳ ಮನೆಯಲ್ಲಿ ಅದು ದೀಪಕ್ಕಲ್ಲ. ಅವಳ ಅಪ್ಪ ಬಹ್ಜತ್‌ನ ಶ್ವಾಸಕೋಶ ಕೆಟ್ಟು ವರ್ಷವಾಗಿತ್ತು. ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿಗೆ ಕೊಡುವ ಯಂತ್ರ ನಿಂತರೆ ಅಪ್ಪನ ತುಟಿ ನೀಲಿಯಾಗುತ್ತಿತ್ತು. ಅವಳು ಅಗ್ಗದ ಡಬ್ಬವೊಂದನ್ನು ತಂದು, ತನ್ನ ಕೈಯಾರೆ ತಂತಿ ಜೋಡಿಸಿ, ಅಪ್ಪನ ಮಂಚದ ಕೆಳಗೆ ಇಟ್ಟಿದ್ದಳು.

ಅದೇ ಡಬ್ಬದ ಬಗ್ಗೆ ಬೂದಿ ಬರೆದ. "ಒಳಗಿರೋದೆಲ್ಲ ಹಳೇ ಸ್ಕೂಟರಿನ ಸೆಲ್ಲುಗಳು. ಮೇಲೆ ಮಾತ್ರ ಹೊಸ ಸ್ಟಿಕ್ಕರ್. ಇದು ಬ್ಯಾಟರಿಯಲ್ಲ, ಬಾಂಬು. ಮನೆಯಿಂದ ಆಚೆ ಹಾಕಿ."

ಅದನ್ನು ಓದಿ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾಕೆಂದರೆ ಅವನು ಹೇಳಿದ್ದು ನಿಜವಾದರೆ... ಅಪ್ಪನ ಬೆನ್ನ ಕೆಳಗೆ ಬಾಂಬು ಇಟ್ಟವಳು ತಾನೇ!

"ಬೇರೆ ಕಂಪನಿಯಿಂದ ಎಷ್ಟು ತಿಂದೆ?" ಎಂದು ಅವಳು ಬರೆದಳು.

"ನೀನೇ ಅಂಗಡಿಯೋನು. ಸರಕು ಉಳಿದುಹೋಗತ್ತೆ ಅಂತ ಹೊಟ್ಟೆಉರಿ," ಎಂದು ಅವನು ಬರೆದ.

ಫೋರಂ ಜನಕ್ಕೆ ಇದೊಂದು ರೋಗ. ತಮ್ಮ ಮಾತು ಒಪ್ಪದವನು ದುಡ್ಡು ತಿಂದಿರಲೇಬೇಕು, ಬಿಟ್ಟಿಯಾಗಿ ಯಾರೂ ತಮ್ಮನ್ನು ವಿರೋಧಿಸಲಾರರು ಎಂದು ಪ್ರತಿಯೊಬ್ಬನೂ ನಂಬಿರುತ್ತಾನೆ.

ಅವಳು ತನ್ನ ಡಬ್ಬದ ಫೋಟೋ ಹಾಕಿದಳು. ನೋಡಿ, ಎಷ್ಟು ಚೆನ್ನಾಗಿದೆ ಎಂದಳು. ಫೋಟೋ ತಿದ್ದಿದ್ದು ಎಂದು ಅವನು ಹೇಳಿದ. ಆಮೇಲೆ ಕಿಡಿ ಫೋರಂನ ಹಳೆಯ ಪದ್ಧತಿ ಶುರುವಾಯಿತು. ಒಬ್ಬ ಅನುಮಾನ ಎತ್ತಿದರೆ ಸಾಕು, ಎಲ್ಲರೂ ಸೇರಿ ಕೂಗುತ್ತಾರೆ. "ಮೂಲ ಚಿತ್ರ ಹಾಕು, ಕಪ್ತಾನ! ಮೂಲ ಚಿತ್ರ ಹಾಕು!" ಅಂದರೆ ಕತ್ತರಿಸದೆ, ಕುಗ್ಗಿಸದೆ, ಫೋನಿನಿಂದ ಬಂದದ್ದು ಬಂದ ಹಾಗೆ. ಹಾಕದಿದ್ದರೆ ಸೋತ ಹಾಗೆ.

ಅವಳು ಹಾಕಿಬಿಟ್ಟಳು.

ಫೋನು ತೆಗೆದ ಚಿತ್ರದ ಹೊಟ್ಟೆಯಲ್ಲಿ ಅದನ್ನು ತೆಗೆದ ಜಾಗದ ಗುರುತು ಕೂತಿರುತ್ತದೆ, ಹಾಗೇ ಹಾಕಬೇಡಿ ಎಂದು ಹೊಸಬರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಇದೇ ಕಪ್ತಾನ. ಊರಿಗೆಲ್ಲ ಹೇಳಿದ ಬುದ್ಧಿ ಸಿಟ್ಟು ಬಂದಾಗ ತನಗೇ ನೆನಪಾಗಲಿಲ್ಲ.

ಈಗ ಅವನು ಬಾಗಿಲಲ್ಲಿ ನಿಂತಿದ್ದ.

"ಅವನು... ಊರಲ್ಲಿಲ್ಲ," ಎಂದು ನುಹಾ ಬಾಗಿಲು ಹಾಕಲು ಹೋದಳು.

ಅಷ್ಟರಲ್ಲಿ ಒಳಗಿಂದ ದನಿ ಬಂತು. "ಯಾರದು ನುಹಾ, ಕಪ್ತಾನನ್ನ ಕೇಳ್ತಿರೋದು? ನಾನಿನ್ನೂ ಸತ್ತಿಲ್ಲ, ಒಳಗೆ ಕಳಿಸು."

ಅಪ್ಪ ದ್ವೀಪಗಳಿಗೆ ದೋಣಿ ನಡೆಸಿದವನು. ಮೀನಾದಲ್ಲಿ ಎಲ್ಲರಿಗೂ ಅವನು ಕಪ್ತಾನ ಬಹ್ಜತ್. ಆ ಹೆಸರನ್ನೇ ಅವಳು ಕದ್ದಿದ್ದಳು.

ಬಂದವನು ಅವಳನ್ನು ದಾಟಿ ದಡದಡನೆ ಒಳಗೆ ಹೋದ. ಕೋಣೆಯ ಬಾಗಿಲಲ್ಲಿ ಗಕ್ಕನೆ ನಿಂತ. ಮಂಚದ ಮೇಲೆ ಒಣಗಿದ ಮುದುಕ, ಮೂಗಿಗೆ ನಳಿಗೆ, ಪಕ್ಕದಲ್ಲಿ ಗುರುಗುಟ್ಟುವ ಯಂತ್ರ.

"ನೀವಾ... ಬ್ಯಾಟರಿ ಮಾರೋದು?" ಅವನ ದನಿ ಅರ್ಧಕ್ಕೆ ಇಳಿಯಿತು.

"ಬ್ಯಾಟರಿನಾ? ಸಮುದ್ರದ ಮೇಲೇ ಬದುಕಿದವನು, ನಾನು ಮೀನು ಸಹ ಮಾರಲಿಲ್ಲ ಕಣಪ್ಪ." ಮುದುಕ ನಗಲು ಹೋಗಿ ಕೆಮ್ಮಿದ. "ಕೂತ್ಕೋ. ನಿನ್ನ ಹೆಸರೇನು?"

"ಅದೀಬ್."

"ನುಹಾ, ಅದೀಬನಿಗೆ ಕಾಫಿ ಇಡು. ಬೈಯೋಕೆ ಬಂದವನಿಗೂ ಕಾಫಿ ಕೊಡೋದು ನಮ್ಮನೆ ಪದ್ಧತಿ."

ಅದೀಬ್ ಕೂರಲಿಲ್ಲ. ಅವನ ಮೂಗು ಅರಳಿತು.

"ಇದೇನು ವಾಸನೆ? ಸಿಹಿ ಸಿಹಿ..."

"ಅದಾ? ಮಗಳು ಉಗುರಿಗೆ ಬಣ್ಣ ಹಚ್ಕೊಂಡಿರಬೇಕು. ನಾಲ್ಕು ದಿನದಿಂದ ಬರ್ತಿದೆ."

ಅದೀಬ್ ನಿಧಾನವಾಗಿ ತಿರುಗಿ ನುಹಾಳ ಕೈ ನೋಡಿದ. ಅವಳ ಉಗುರುಗಳಿಗೆ ಬಣ್ಣವಿರಲಿಲ್ಲ.

ಅವಳಿಗೆ ಗೊತ್ತಿತ್ತು. ಆ ವಾಸನೆ ಎಲ್ಲಿಂದ ಬರುತ್ತದೆಂದು ಅವಳಿಗೆ ಗೊತ್ತಿತ್ತು! ಡಬ್ಬ ಬಿಸಿಯಾಗುತ್ತಿದೆ ಎಂದೂ ಗೊತ್ತಿತ್ತು. ಆದರೆ ಅದನ್ನು ತೆಗೆದರೆ ಅಪ್ಪನಿಗೆ ಉಸಿರೆಲ್ಲಿಂದ ತರುವುದು? ಏನೂ ಆಗುವುದಿಲ್ಲ ಎಂದು ಫೋರಂನಲ್ಲಿ ಸಾವಿರ ಜನರೆದುರು ವಾದಿಸಿದ್ದಳು, ನಿಜವಾಗಿ ಅವಳು ಒಪ್ಪಿಸಬೇಕಾಗಿದ್ದದ್ದು ತನ್ನ ಮನಸ್ಸನ್ನೇ.

ಅದೀಬ್ ಮಂಡಿಯೂರಿ ಮಂಚದ ಹೊದಿಕೆ ಎತ್ತಿದ. ಡಬ್ಬದ ಒಂದು ಪಕ್ಕ ಉಬ್ಬಿಕೊಂಡಿತ್ತು. ಅಂಗೈ ಹತ್ತಿರ ಹಿಡಿದು ಥಟ್ಟನೆ ಹಿಂದೆಗೆದ.

"ಇದನ್ನ ಇಲ್ಲಿಟ್ಟವರು ಯಾರು?" ಪಿಸುಮಾತಿನಲ್ಲಿ ಕೇಳಿದ. "ಆಮ್ಲಜನಕದ ಪಕ್ಕದಲ್ಲಿ... ಯಾರು?"

"ನಾನೇ," ಎಂದಳು ನುಹಾ. "ನಾನೇ ಕಪ್ತಾನ."

ಅವನು ಅವಳನ್ನು ನೋಡಿದ. ಒಂದೇ ಕ್ಷಣ. ಎರಡು ವರ್ಷದ ಬೈಗುಳವೆಲ್ಲ ಆ ಕ್ಷಣದಲ್ಲಿ ಅವನ ಮುಖದ ಮೇಲೆ ಹಾದುಹೋಯಿತೇನೋ. ಆಮೇಲೆ ಅವನು ಬೇರೆಯೇ ಮನುಷ್ಯನಾದ.

"ಆಮ್ಲಜನಕದ ಸಿಲಿಂಡರ್ ಇದೆಯಾ?"

"ಇದೆ. ಅಡುಗೆಮನೇಲಿ, ಒಂದೇ ಒಂದು."

"ತನ್ನಿ. ಕಿಟಕಿ ಎಲ್ಲ ತೆಗೀರಿ. ಸ್ವಿಚ್ ಯಾವುದೂ ಮುಟ್ಟಬೇಡಿ."

ಸಿಲಿಂಡರಿನ ಕೀಲಿ ತಿರುಗಿಸಿ, ಮುದುಕನ ನಳಿಗೆ ಬದಲಿಸಿದ ಅವನ ಕೈಗಳಲ್ಲಿ ಒಂದಿಷ್ಟೂ ತಡವರಿಕೆ ಇರಲಿಲ್ಲ. ನುಹಾ ಬೆರಗಾಗಿ ನೋಡಿದಳು.

"ಸುಟ್ಟಗಾಯದ ವಾರ್ಡಿನಲ್ಲಿ ನರ್ಸು ನಾನು," ಎಂದ, ತಲೆ ಎತ್ತದೆ. "ಈ ಡಬ್ಬಗಳು ಏನು ಮಾಡ್ತಾವೆ ಅಂತ ನಾನು ಎಲ್ಲೋ ಓದಿ ಬರೆದಿದ್ದಲ್ಲ."

ಇವನನ್ನೇ ಅವಳು ಕಂಪನಿಯಿಂದ ಎಷ್ಟು ತಿಂದೆ ಎಂದು ಕೇಳಿದ್ದಳಲ್ಲ...

"ಬೇರೆ ಮನೆಯಾಗಿದ್ರೆ ಎಲ್ಲರನ್ನೂ ಕೆಳಗಿಳಿಸಿ ಬಾಗಿಲು ಹಾಕ್ಕೊಂಡು ಹೋಗಿ ಅಂತಿದ್ದೆ," ಅದೀಬ್ ಹೇಳಿದ. "ಇವರನ್ನ ಇಳಿಸೋಕಾಗಲ್ಲ. ಅದಕ್ಕೇ ಅದನ್ನೇ ಇಳಿಸ್ಬೇಕು. ನಾನೊಬ್ಬನೇ ಹೊರ್ತೀನಿ, ನೀವು ಅಪ್ಪನ ಹತ್ರ ಇರಿ."

"ಒಬ್ಬರಿಂದ ಆಗಲ್ಲ. ತಂದವಳು ನಾನು, ಭಾರ ನನಗೆ ಗೊತ್ತು."

"ಮಗಳೇ," ಮಂಚದಿಂದ ಅಪ್ಪ ಕರೆದ. ಅವನಿಗೆ ಎಲ್ಲವೂ ಅರ್ಥವಾಗಿತ್ತು. "ನನ್ನ ಕಡೆ ನೋಡ್ಬೇಡ. ಕೆಲಸ ನೋಡು."

ಅವಳು ತಂತಿ ಬಿಡಿಸಿದಳು. ಹಬ್ಬಕ್ಕೆ ಅನ್ನ ಮಾಡುವ ದೊಡ್ಡ ತಪ್ಪಲೆ ತಂದು, ಡಬ್ಬವನ್ನು ಅದರೊಳಗೆ ಕೂರಿಸಿದರು. ಮನೆಯಲ್ಲಿದ್ದದ್ದು ಒಂದೇ ಜೊತೆ ದಪ್ಪ ಕೈಗವಸು. ಅವನು ಎರಡನ್ನೂ ಅವಳಿಗೆ ಕೊಟ್ಟ. ಅವಳು ಒಂದನ್ನು ವಾಪಸ್ ಅವನ ಕೈಗೆ ತುರುಕಿದಳು.

ಮೆಟ್ಟಿಲುಗಳ ಮೇಲೆ ಕತ್ತಲು. ಕರೆಂಟಿಲ್ಲ, ಲಿಫ್ಟಿಲ್ಲ. ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರೆ ತಪ್ಪಲೆಯಿಂದ ಬಿಸಿ ಅವಳ ಹೊಟ್ಟೆಗೆ ತಾಗುತ್ತಿತ್ತು. ಆ ಸಿಹಿ ವಾಸನೆ ತಲೆ ಸುತ್ತಿಸುತ್ತಿತ್ತು.

ಎರಡನೇ ಮಹಡಿಯಲ್ಲಿ ಒಳಗಿನಿಂದ ಟಿಕ್ ಎಂದಿತು.

"ಬಿಡಿ," ಎಂದ ಅದೀಬ್. "ಬಿಟ್ಟು ಕೆಳಕ್ಕೆ ಓಡಿ."

"ಬಿಟ್ರೆ ಇಲ್ಲೇ ಹತ್ಕೊಳ್ಳತ್ತೆ. ಮೇಲೆ ಅಪ್ಪ ಇದ್ದಾರೆ."

"ನುಹಾ, ಬಿಡಿ ಅಂದೆ."

"ಬಿಡಲ್ಲ."

ಇಷ್ಟು ಹೊತ್ತಿನಲ್ಲೂ ಇವರಿಬ್ಬರಿಗೆ ಒಮ್ಮತವಿಲ್ಲ, ನೋಡಿ!

ಕೆಳಗೆ ಅಂಗಡಿಯ ಅಬೂ ನಾಸಿಫ್ ಸ್ಟೂಲಿನ ಮೇಲೆ ಕೂತು ಕಡಲೆ ಬೀಜ ಬಿಡಿಸುತ್ತಿದ್ದ. "ಏನಮ್ಮ ಟೀಚರಮ್ಮ, ಮದುವೆ ಅನ್ನಾನಾ? ನಮಗಿಲ್ವಾ?" ಎಂದ. ಇಬ್ಬರ ಮುಖ ನೋಡಿದವನೇ ಬೀಜವನ್ನೆಲ್ಲ ಚೆಲ್ಲಿ ಎದ್ದು ನಿಂತ.

"ಜನಾನ ದೂರ ಕಳಿಸಿ," ಎಂದು ಅದೀಬ್ ಕೂಗಿದ.

ರಸ್ತೆ ದಾಟಿದರೆ ಸಮುದ್ರದ ಪಕ್ಕ ಬರಿದಾದ ಜಾಗ. ಅಲ್ಲಿ ತಪ್ಪಲೆ ಇಟ್ಟರೋ ಇಲ್ಲವೋ, ಬುಸ್ ಎಂದು ಬಿಳಿ ಹೊಗೆ ಎದ್ದಿತು. ಅದೀಬ್ ಅವಳ ತೋಳು ಹಿಡಿದು ಎಳೆದುಕೊಂಡು ಓಡಿದ. ಇಬ್ಬರೂ ಮುರಿದ ಗೋಡೆಯೊಂದರ ಹಿಂದೆ ಬಿದ್ದರು.

ಹಿಂದೆ ಆಳೆತ್ತರದ ಉರಿ ಎದ್ದಿತ್ತು.

ನುಹಾ ಆ ಉರಿಯನ್ನು ನೋಡಿದಳು. ಅದರ ಮೇಲೆ ಅಪ್ಪನ ಮಂಚ ಕಂಡ ಹಾಗಾಯಿತು. ಬೆಳಗ್ಗೆ ಅದೇ ಮಂಚದ ಅಂಚಿನಲ್ಲಿ ಕೂತು ತಾನು ಬರೆದ ಸಾಲು ನೆನಪಾಯಿತು. "ನಮ್ಮನೆಯಲ್ಲೇ ಇದೆ, ಕಲ್ಲಿನ ಹಾಗಿದೆ, ಧೈರ್ಯವಾಗಿ ತಗೊಳ್ಳಿ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅದೀಬ್ ಪಕ್ಕದಲ್ಲಿ ಕೂತಿದ್ದ. ಅವನ ಕೈ ಅವಳ ತೋಳ ಮೇಲೆ ಹಾಗೇ ಇತ್ತು.

ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಓಡುವಾಗ ಬಿದ್ದ ಅವನ ಫೋನು ಅವಳ ಕಾಲ ಬಳಿ ಇತ್ತು. ಎತ್ತಿ ಕೊಡಲು ಹೋದವಳ ಕಣ್ಣಿಗೆ ಪರದೆಯ ಮೇಲಿನ ಕೆಂಪು ಚುಕ್ಕೆ ಬಿತ್ತು.

ವಿಡಿಯೋ ಓಡುತ್ತಿತ್ತು.

"ಇದೇನು?"

ಅದೀಬನ ಮುಖ ಕಪ್ಪಿಟ್ಟಿತು. "ಅದು... ಅಂಗಡಿಯೋನನ್ನ ಹಿಡಿದು ಎಲ್ಲರಿಗೂ ತೋರಿಸ್ಬೇಕು ಅಂತ... ಪುರಾವೆ ತರ್ತೀನಿ ಅಂತ ಫೋರಂನಲ್ಲಿ ಹೇಳಿಬಂದಿದ್ದೆ. ಬಾಗಿಲು ತಟ್ಟೋ ಮುಂಚೆ ಹಾಕಿದ್ದು. ಆಮೇಲೆ ಮರೆತೇಬಿಟ್ಟೆ."

"ನಮ್ಮನೆ ಹೇಗೆ ಸಿಕ್ತು?"

"ಮೂಲ ಚಿತ್ರದಿಂದ. ಈ ಕಟ್ಟಡ ಅಂತ ಗೊತ್ತಾಯ್ತು. ಇಲ್ಲಿ ತಂತಿ ಕೆಲಸ ಯಾರು ಮಾಡ್ತಾರೆ ಅಂತ ಅಂಗಡೀಲಿ ಕೇಳ್ದೆ. ಮೂರನೇ ಮಹಡಿ ಅಂದ್ರು."

ಬೆಂಕಿಯ ಎದುರೇ ಅವಳಿಗೆ ಚಳಿ ಹುಟ್ಟಿತು. ಒಂದು ಚಿತ್ರ. ಒಂದೇ ಒಂದು ಚಿತ್ರ ಸಾಕಾಯಿತು, ಯಾರೋ ಗಂಡಸು ಮನೆ ಬಾಗಿಲಿಗೆ ಬಂದು ನಿಲ್ಲಲು. ಇವನು ಬಂದ. ಇನ್ನೊಬ್ಬ ಬರುವುದಿಲ್ಲ ಎಂದು ಹೇಗೆ ನಂಬುವುದು?

"ಹೆಂಗಸು ಅಂತ ಗೊತ್ತಿದ್ರೆ ನಾನು..."

"ಹೆಂಗಸಾದ್ರೆ ಮಾತ್ರ ತಪ್ಪಾ? ಅಂಗಡಿಯೋನಿಗೆ ಮನೆ ಇರಲ್ವಾ? ಅವನ ಮನೇಲಿ ಹೆದರ್ಕೊಳ್ಳೋ ಮಗಳು ಇರಲ್ವಾ?"

ಅದೀಬ್ ಎದ್ದು ನಿಂತ.

"ನಮ್ಮಪ್ಪನ ಜೀವ ಉಳಿಸಿದ್ರಿ. ಸಾಯೋವರೆಗೂ ಮರೆಯಲ್ಲ." ಅವಳು ಫೋನನ್ನು ಅವನೆಡೆಗೆ ಚಾಚಿದಳು. "ಆದ್ರೆ ಈಗ ಹೋಗಿ. ವಿಡಿಯೋ ಹಾಕ್ಕೊಳ್ಳಿ. ನೀವೇ ಗೆದ್ರಿ."

ಅವನು ಫೋನು ತೆಗೆದುಕೊಂಡ. ರಸ್ತೆ ದಾಟಿ ಹೋದ.

ಆ ಸಂಜೆ ಅಬೂ ನಾಸಿಫ್ ತನ್ನ ಜನರೇಟರ್ ತಂತಿಯನ್ನು ಬಾಲ್ಕನಿಯಿಂದ ಎಳೆದು ಅಪ್ಪನ ಯಂತ್ರಕ್ಕೆ ಕೊಟ್ಟ. "ಬಾಡಿಗೆ ಮಾತು ಆಮೇಲೆ. ಮೊದಲು ಕಪ್ತಾನ ಉಸಿರಾಡಲಿ," ಎಂದ.

ನುಹಾ ಫೋರಂ ತೆರೆಯಲಿಲ್ಲ. ಶಾಲೆಯಲ್ಲಿ ಯಾರಾದರೂ ಫೋನು ನೋಡಿ ನಕ್ಕರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ವಿಡಿಯೋ ನೋಡಿಬಿಟ್ಟರಾ? ತನ್ನ ಮನೆ, ಅಪ್ಪನ ಮುಖ, ನಾನೇ ಕಪ್ತಾನ ಎಂದ ತನ್ನ ದನಿ, ಎಲ್ಲವೂ ಊರಿನ ಬಾಯಿಗೆ ಬಿತ್ತಾ?

ಕೊನೆಗೆ ತಡೆಯಲಾರದೆ ತೆರೆದಳು.

ವಿಡಿಯೋ ಇರಲಿಲ್ಲ.

ಇದ್ದದ್ದು ಬೂದಿಯ ಒಂದೇ ಸಾಲು. "ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಆದರೂ ಹೇಳ್ತೀನಿ, ಆ ಡಬ್ಬ ಮನೇಲಿ ಇಡಬೇಡಿ."

ಅದರ ಕೆಳಗೆ ಜನ ಅವನ ಚರ್ಮ ಸುಲಿದಿದ್ದರು. "ಪುರಾವೆ ತರೋಕೆ ಹೋದವನು ಬಾಲ ಮುದುರಿಕೊಂಡು ಬಂದ." "ಕಪ್ತಾನ ಕೆನ್ನೆಗೆ ಎರಡು ಕೊಟ್ಟಿರಬೇಕು." ಪುರಾವೆ ತರುತ್ತೇನೆಂದು ಮಾತು ಕೊಟ್ಟು ತಪ್ಪಿದವರ ಹೆಸರಿನ ಕೆಳಗೆ ಫೋರಂನವರು ಬಾಯಿಬಡುಕ ಎಂಬ ಪಟ್ಟ ಕಟ್ಟುತ್ತಾರೆ. ಬೂದಿಯ ಹೆಸರಿನ ಕೆಳಗೆ ಅದು ತೂಗುತ್ತಿತ್ತು.

ಪುರಾವೆ ಅವನ ಜೇಬಿನಲ್ಲೇ ಇತ್ತು! ಒಂದು ಬೆರಳು ಒತ್ತಿದ್ದರೆ ಸಾಕಿತ್ತು. ಅವನು ಒತ್ತಲಿಲ್ಲ. ಅವಳ ಮಾನ ಉಳಿಸಲು ತನ್ನ ಮಾನ ಕೊಟ್ಟು ಕೂತಿದ್ದ.

ನುಹಾಳ ಕಣ್ಣು ತುಂಬಿತು. ಆದರೆ ಇನ್ನೂ ಕೆಳಗೆ ಹೋದಾಗ ಆ ನೀರು ಅಲ್ಲೇ ಹೆಪ್ಪುಗಟ್ಟಿತು.

ಬೆಟ್ಟದಗಾಳಿ ಎಂಬ ಹೆಸರಿನ ಒಬ್ಬ ಬರೆದಿದ್ದ. "ಬೂದಿ ಸೋತದ್ದು ನೋಡಿ ಧೈರ್ಯ ಬಂತು. ಕಪ್ತಾನನ ಮಾತು ನಂಬಿ ಎರಡು ಡಬ್ಬ ತಂದೆ. ಮಕ್ಕಳ ಕೋಣೆಯಲ್ಲಿ ಇಟ್ಟಿದ್ದೀನಿ, ಅಲ್ಲಿ ಒದ್ದೆ ಆಗಲ್ಲ."

ಮಕ್ಕಳ ಕೋಣೆಯಲ್ಲಿ.

ಅವಳು ಅವನಿಗೆ ಖಾಸಗಿಯಾಗಿ ಬರೆದಳು. "ತಕ್ಷಣ ಹೊರಗೆ ಹಾಕಿ." ಉತ್ತರವಿಲ್ಲ. ಮತ್ತೆ ಬರೆದಳು. ಇಲ್ಲ. ಅವನು ಫೋರಂಗೆ ಬಂದೇ ಇರಲಿಲ್ಲ.

ಇವನೊಬ್ಬ ಬಾಯಿಬಿಟ್ಟು ಹೇಳಿದ. ಹೇಳದೆ ತಂದು ಇಟ್ಟುಕೊಂಡವರು ಎಷ್ಟು ಜನರೋ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮಾತು ಈಗ ಯಾವ ಯಾವ ಮಂಚದ ಕೆಳಗೆ ಬಿಸಿಯಾಗುತ್ತಿದೆಯೋ...

"ಅಪ್ಪ," ಎಂದಳು, ಅವನ ಪಾದದ ಬಳಿ ಕೂತು. "ಎಲ್ಲರಿಗೂ ಹೇಳ್ಬೇಕು. ನನ್ನ ಹೆಸರಲ್ಲೇ. ಇಲ್ಲದಿದ್ರೆ ಕಪ್ತಾನನೂ ದುಡ್ಡು ತಿಂದು ಮಾತು ಬದಲಿಸಿದ ಅಂತಾರೆ, ನಂಬಲ್ಲ. ಹೇಳಿದ್ರೆ... ಶಾಲೆ, ಓಣಿ, ಎಲ್ಲ ಕಡೆ ನನ್ನ ಹೆಸರು..."

ಮುದುಕ ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

"ಒಂದ್ಸಲ ದೋಣಿ ಬಂಡೆಗೆ ತಾಗಿಸ್ದೆ ನಾನು. ಹಿಂದೆ ಇನ್ನೂ ದೋಣಿಗಳು ಬರ್ತಿದ್ವು. ನಾಚಿಕೆ ಆಗಿ ದೀಪ ಆರಿಸಿ ಕೂತಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಅವೂ ಬಂದು ತಾಗ್ತಿದ್ವು, ಅಷ್ಟೇ."

"ಏನು ಮಾಡಿದ್ರಿ?"

"ಕೂಗ್ದೆ. ಇವತ್ತಿಗೂ ಬಂದರಲ್ಲಿ ಅದನ್ನ ಹೇಳಿ ನಗ್ತಾರೆ. ನಗಲಿ ಬಿಡು. ನಗೋಕೆ ಅವರು ಬದುಕಿದ್ದಾರಲ್ಲ."

ನುಹಾ ಬರೆದಳು. ಪದಗಳು ತಪ್ಪಾದವು, ತಿದ್ದಲಿಲ್ಲ.

"ನಾನು ಕಪ್ತಾನ. ನನ್ನ ಹೆಸರು ನುಹಾ. ಮೀನಾದಲ್ಲಿ ಟೀಚರ್. ನಾನು ಯಾವ ಅಂಗಡಿಯವಳೂ ಅಲ್ಲ. ಬೂದಿ ಹೇಳಿದ್ದು ನಿಜ. ನನ್ನ ಡಬ್ಬ ಬಿಸಿಯಾಗುತ್ತಿದೆ ಎಂದು ಗೊತ್ತಿದ್ದೂ ನಿಮಗೆ ಸುಳ್ಳು ಹೇಳಿದೆ, ಯಾಕೆಂದರೆ ನನಗೆ ಭಯವಾಗಿತ್ತು. ಅದು ಹತ್ತಿ ಉರಿಯಿತು. ನಮ್ಮಪ್ಪ ಬದುಕಿದ್ದು ಬೂದಿಯಿಂದ. ಅವನ ಹತ್ತಿರ ಪುರಾವೆ ಇದೆ. ನನ್ನ ಮೇಲಿನ ಕರುಣೆಯಿಂದ ಅವನು ತೋರಿಸಲಿಲ್ಲ. ಬಾಯಿಬಡುಕ ಎಂಬ ಪಟ್ಟ ನನಗೆ ಕಟ್ಟಿ. ಆದರೆ ಮೊದಲು ಎದ್ದು ಹೋಗಿ ಡಬ್ಬ ಹೊರಗೆ ಹಾಕಿ. ಬೆಟ್ಟದಗಾಳಿ, ನಿಮ್ಮ ಮಕ್ಕಳನ್ನು ಆ ಕೋಣೆಯಿಂದ ಎಬ್ಬಿಸಿ. ದಯವಿಟ್ಟು."

ಜೊತೆಗೆ ಸಮುದ್ರದ ದಡದಲ್ಲಿ ಕರಕಲಾಗಿ ಬಿದ್ದಿದ್ದ ತಪ್ಪಲೆಯ ಚಿತ್ರ ಹಾಕಿದಳು.

ಆಮೇಲೆ ಬೂದಿಗೆ ಬೇರೆಯಾಗಿ ಬರೆದಳು. "ಮನೆ ನಿಮಗೆ ಗೊತ್ತು. ಈ ಸಲ ನಾನೇ ಕರೀತಿದ್ದೀನಿ. ಬನ್ನಿ."

ಬೈಗುಳ ಬಂದವು. ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬಂದವು. ಹೆಂಗಸಿಗೆ ಯಾಕೆ ಬೇಕಿತ್ತು ಎಂದವರಿದ್ದರು. ಥೂ ಎಂದವರಿದ್ದರು. ನಡುನಡುವೆ, "ಹೊರಗಿಟ್ಟೆ ಟೀಚರ್," "ನಮ್ಮದೂ ಉಬ್ಬಿತ್ತು, ನೋಡೇ ಇರಲಿಲ್ಲ," ಎಂಬ ಸಾಲುಗಳೂ ಬಂದವು. ಅವಳು ಹುಡುಕುತ್ತಿದ್ದದ್ದು ಒಂದೇ ಹೆಸರು. ಬೆಟ್ಟದಗಾಳಿ ಬರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು.

ತೆಗೆದರೆ ಅದೀಬ್. ಆಸ್ಪತ್ರೆಯ ಬಟ್ಟೆಯಲ್ಲೇ ಬಂದಿದ್ದ. ಕಣ್ಣು ಕೆಂಪಾಗಿತ್ತು.

ನುಹಾ ಬಾಗಿಲನ್ನು ಬಿಗಿಯಾಗಿ ಹಿಡಿದಳು. ಮಕ್ಕಳನ್ನು ತಂದಿದ್ದಾರೆ... ವಾರ್ಡಿಗೆ ಮಕ್ಕಳನ್ನು ತಂದಿದ್ದಾರೆ, ಅದನ್ನೇ ಹೇಳಲು ಬಂದಿದ್ದಾನೆ.

"ಬಂದ್ರಾ?" ಎಂದಳು. "ಮಕ್ಕಳು..."

"ಇಲ್ಲ, ಇಲ್ಲ. ಯಾರೂ ಬಂದಿಲ್ಲ. ಬೆಳಗ್ಗೆಯಿಂದ ವಾರ್ಡಿನ ಬಾಗಿಲಲ್ಲೇ ನಿಂತಿದ್ದೆ. ಬೇರೆ ಆಸ್ಪತ್ರೆಗಳಲ್ಲೂ ಕೇಳ್ದೆ. ಯಾರೂ ಬಂದಿಲ್ಲ ನುಹಾ."

ಅವಳು ಗೋಡೆಗೆ ಒರಗಿದಳು. ಅವನು ಹೊಸ್ತಿಲ ಆಚೆಯೇ ನಿಂತಿದ್ದ.

"ಒಳಗೆ ಬರ್ಲಾ?" ಎಂದು ಕೇಳಿದ.

"ಬಾ," ಎಂದಳು. ಬನ್ನಿ ಎನ್ನಬೇಕೆಂದಿದ್ದಳು, ಬಾಯಿಗೆ ಬಂದದ್ದು ಅದು.

ಬಾಲ್ಕನಿಯಲ್ಲಿ ಕೂತರು. ಒಳಗೆ ಅಪ್ಪನ ಯಂತ್ರ ಗುರುಗುಟ್ಟುತ್ತಿತ್ತು.

"ವಿಡಿಯೋ ಅಳಿಸಿದೆ," ಎಂದ ಅದೀಬ್. "ಆವತ್ತೇ, ಬಸ್ಸಿನಲ್ಲೇ. ನೀನು ಹೇಳಿದ್ದು ಸರಿ. ಯಾರ ಬಾಗಿಲಿಗೂ ನಾನು ಹಾಗೆ ಹೋಗ್ಬಾರದಿತ್ತು. ಅಂಗಡಿಯೋನ ಬಾಗಿಲಿಗೂ. ದಿನಾ ಸುಟ್ಟ ಮಕ್ಕಳನ್ನ ನೋಡಿ ನೋಡಿ... ಕೋಪ ಯಾರ ಮೇಲಾದ್ರೂ ತೀರಿಸ್ಬೇಕು ಅನ್ನಿಸ್ತು."

"ಅಳಿಸಿದ್ಯಾ? ಎಲ್ಲರೂ ನಗ್ತಿದ್ರಲ್ಲ ನಿನ್ನ ನೋಡಿ."

"ನಗೋದು ಕೇಳಿಸ್ತಿತ್ತು. ಆದ್ರೆ ಮೆಟ್ಟಿಲ ಮೇಲೆ ನೀನು ಬಿಡಲ್ಲ ಅಂದೆಯಲ್ಲ, ಅದೇ ಕಿವಿಯಲ್ಲಿತ್ತು."

ಅವಳು ತಲೆ ತಗ್ಗಿಸಿದಳು. ಆಗ ಮಡಿಲಲ್ಲಿದ್ದ ಫೋನು ಬೆಳಗಿತು.

ಬೆಟ್ಟದಗಾಳಿ.

ಅವಳಿಗೆ ತೆರೆಯುವ ಧೈರ್ಯವಾಗಲಿಲ್ಲ. ಅದೀಬನ ಕೈಗೆ ಕೊಟ್ಟಳು. ಅವನಿಗೂ ಆಗಲಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಬಗ್ಗಿ ಓದಿದರು.

"ನಮ್ಮ ಊರಲ್ಲಿ ಕರೆಂಟೂ ಇಲ್ಲ, ಸಿಗ್ನಲ್ಲೂ ಇರಲಿಲ್ಲ. ಈಗ ಓದಿದೆ. ಎರಡೂ ಡಬ್ಬ ಹೊಲಕ್ಕೆ ಹಾಕಿಬಂದೆ. ಒಂದು ಬೆಚ್ಚಗಿತ್ತು. ಮಕ್ಕಳು ಅಜ್ಜಿ ಜೊತೆ ಆಡ್ತಿದ್ದಾರೆ. ಟೀಚರ್, ಬೈಯಬೇಕು ಅಂತಿದ್ದೆ. ಬೈಯೋಕೆ ಬಾಯಿ ಬರ್ತಿಲ್ಲ."

ನುಹಾ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಒಳಗೇ ಹಿಡಿದಿಟ್ಟ ಭಯವೆಲ್ಲ ಹರಿದುಹೋಗುತ್ತಿತ್ತು. ಅದೀಬನ ಕಣ್ಣಲ್ಲೂ ನೀರಿತ್ತು, ಅದನ್ನು ಒರೆಸಿಕೊಳ್ಳುವುದೂ ಅವನಿಗೆ ತೋಚಲಿಲ್ಲ.

ಆಮೇಲೆ ಅವಳು ಕೇಳಿದಳು. "ಅದೀಬ್, ಮಕ್ಕಳು ಚೆನ್ನಾಗಿದ್ದಾರೆ. ಅಪ್ಪ ಚೆನ್ನಾಗಿದ್ದಾರೆ. ಆದ್ರೂ ನನಗಿನ್ನೂ ಭಯ ಹೋಗ್ತಿಲ್ಲ. ಯಾಕೆ?"

"ಈಗ ಯಾವುದಕ್ಕೆ ಭಯ?"

"ನೀನು ಎದ್ದು ಹೋಗ್ತೀಯಲ್ಲ, ಅದಕ್ಕೆ."

ಅವನು ಸಮುದ್ರದ ಕಡೆ ನೋಡಿದ. ಎಷ್ಟೋ ಸಲ ಅವಳನ್ನು ಮಾತಿನಲ್ಲಿ ಮಣಿಸಿದವನಿಗೆ ಈಗ ಪದ ಹುಡುಕಬೇಕಾಯಿತು.

"ಆವತ್ತಿನಿಂದ ವಾರ್ಡಿನ ಬಾಗಿಲು ತೆರೆದಾಗಲೆಲ್ಲ ನನ್ನ ಜೀವ ಬಾಯಿಗೆ ಬರತ್ತೆ," ಎಂದ. "ಬಂದಿರೋದು ನೀನಾಗಿರ್ಬಾರದು ಅಂತ ಬೇಡ್ಕೊಂಡೇ ನೋಡ್ತೀನಿ. ಇಷ್ಟು ಹೆದರಿಕೆ ನನಗೆ ಯಾರ ಬಗ್ಗೆಯೂ ಆಗಿರಲಿಲ್ಲ ನುಹಾ. ಇದನ್ನ ಪ್ರೀತಿ ಅಂತಾರೋ ಏನೋ, ನನಗೆ ಗೊತ್ತಿಲ್ಲ."

"ಅಂತಾರೆ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

"ಶುಕ್ರವಾರ ಅಮ್ಮನನ್ನ ಕರ್ಕೊಂಡು ಬರ್ಲಾ? ನಿಮ್ಮಪ್ಪನ ಹತ್ರ ಕೇಳೋಕೆ?"

"ಆಮೇಲೆ ಭಯ ಹೋಗತ್ತಾ?"

"ಹೋಗಲ್ಲ ಅನ್ಸತ್ತೆ. ಇನ್ನೂ ಜಾಸ್ತಿ ಆಗ್ಬಹುದು."

ನುಹಾ ಕೈ ಚಾಚಿ ಅವನ ಬೆರಳು ಹಿಡಿದಳು.

"ಹಾಗಾದ್ರೆ ಕರ್ಕೊಂಡು ಬಾ," ಎಂದಳು. "ಹೆದರ್ಕೊಂಡೇ ಇರೋದಾದ್ರೆ ಬೇರೆ ಬೇರೆ ಮನೇಲಿ ಯಾಕೆ?"